ನೂರಾ ಇಪ್ಪತ್ತೇಳು ಹಲ್ಲು

ಶಹಾಪುರದ ನಮ್ಮ ಪ್ರೆಸ್ಸಿನ ಹಳೇ ಜರ್ಮನ್ ಮಷೀನಿಗೆ
ಹೊಟ್ಟೆಯಡಿ ಒಂದು ಬೂಚು.
ಮಂಗಳವಾರ ಎಣ್ಣೆ ಬದಲಿಸುವಾಗ
ಥ್ರೆಡ್ಡು ಕಿತ್ತು ಸಿದರಾಯನ ಅಂಗೈಗೆ ಬಂತು,
ಮುದುಕನ ಹಲ್ಲಿನ ಹಾಗೆ, ನೋವಿಲ್ಲದೆ.

ಅಲ್ಲಿಂದ ಹನಿ.
ಕೆಳಗೆ ಡಾಲ್ಡಾ ಡಬ್ಬಿ ಇಟ್ಟೆವು,
ತೂತಿಗೆ ಮೈಸಾಬೂನು ಮೆತ್ತಿದೆವು,
ಅರಿವೆ ಸುತ್ತಿದ ಜೋಳದ ದಂಟು ಬಡಿದೆವು.
ಲಗ್ನದ ಹಂಗಾಮು. ಮೂರು ಸಾವಿರ ಪತ್ರಿಕೆ,
ಅರ್ಧ ಕನ್ನಡ, ಅರ್ಧ ಮರಾಠಿ, ಒಂದೇ ಗಣಪತಿ,
ಮುಹೂರ್ತ ಹೊತ್ತುಕೊಂಡು ನಿಂತೇ ಇದ್ದವು.

ಇಪ್ಪತ್ತಾರು ಮಿಲಿಮೀಟರು, ಪಿಚ್ಚು ಒಂದೂವರೆ.
ಚೀಟಿ ಬೇಡವೆಂದು ಕಿತ್ತ ಬೂಚನ್ನೇ
ಕರವಸ್ತ್ರದಲ್ಲಿ ಗಂಟು ಕಟ್ಟಿ ಹೊರಟೆ.

ಖಡೇಬಜಾರಿನಲ್ಲಿ ಇಪ್ಪತ್ತನಾಲ್ಕು ಇತ್ತು.
ಫೋರ್ಟ್ ರೋಡಿನಲ್ಲಿ ಇಪ್ಪತ್ತೇಳು.
"ನಡುವಿಂದು ಯಾರೂ ಮಾಡೂದಿಲ್ರೀ ಬಾಯಾರ,
ಮಷೀನನ ಬದಲಿ ಮಾಡಿಬಿಡ್ರಿ" ಎಂದವನ ಗಲ್ಲಾದ ಮೇಲೆ
ಕುಂದಾದ ಪೊಟ್ಟಣ ಬಿಚ್ಚಿತ್ತು, ನನಗೂ ಒಂದು ತುಣುಕು ಕೊಟ್ಟ.
ಇಲ್ಲ ಎನ್ನುವ ಮಾತು ಇಷ್ಟು ಸಿಹಿ
ಬೇರೆ ಊರಲ್ಲಿ ಇರಲಿಕ್ಕಿಲ್ಲ.

ಗುಜರಿಯ ಗೌಸಸಾಬ ಇಂಚಿನದೊಂದು ಹುಡುಕಿ ತೆಗೆದ:
ಕಣ್ಣಿಗೆ ಅದೇ ಬೂಚು, ಅದೇ ಮೈಕಟ್ಟು.
ಒಂದು ಸುತ್ತು ಹೋಯಿತು. ಎರಡು. ಸಿದರಾಯ ನಕ್ಕ.
ಮೂರಕ್ಕೆ ಹಿಡಿದುಕೊಂಡಿತು.
ಎರಡು ಸುತ್ತಿನವರೆಗೆ ಯಾರಿಗೆ ಯಾರೂ ಹೊಂದುತ್ತಾರೆ.

ಕೊನೆಗೆ ಉದ್ಯಮಬಾಗ, ನೇಮಣ್ಣ ಚೌಗುಲೆಯ ಶೆಡ್ಡು.
ಮೂಗಿನ ಹತ್ತಿರ ಹಿಡಿದು, ಉಗುರಿನಿಂದ ಆಟೆ ಮೀಟಿ,
"ಕಡದು ಕೊಡಬಹುದು. ಆದರ ನನ್ನ ಲೇಥು ಇಂಚಿಂದು.
ಮಿಲಿಮೀಟರ ಕಡೀಬೇಕಂದ್ರ
ನೂರಾ ಇಪ್ಪತ್ತೇಳು ಹಲ್ಲಿನ ಗಾಲಿ ಬೇಕು."
ಎಲ್ಲಿದೆ, ಎಂದೆ.
ಲೇಥಿನ ಮೇಲಿನ ಉಕ್ಕಿನ ಸುರುಳಿ ಗುಡಿಸಿದ.
ಗುಡಿಸಿದ್ದನ್ನೇ ಮತ್ತೊಮ್ಮೆ ಗುಡಿಸಿದ.
"ಮಚ್ಛೆಯೊಳಗ. ಪರಶ್ಯಾನ ಕಡೆ. ಹನ್ನೊಂದು ವರ್ಷಾತು."

ಯಾಕೆಂದು ಕೇಳಲಿಲ್ಲ.
ಬಾಗಿಲ ಬೋರ್ಡಿನಲ್ಲಿ ಎರಡನೆಯ ಹೆಸರಿನ ಮೇಲೆ
ಹಸಿರು ಬಣ್ಣ ಬಳಿದಿತ್ತು.
ನಾನು ಅಕ್ಷರದವಳು: ಬಣ್ಣದಡಿಯ ಉಬ್ಬು ಓದಿಕೊಂಡೆ.

ಪರಶುರಾಮ ಲೋಹಾರನ ಗೋಡೆಯಲ್ಲಿ, ಮೊಳೆಗೆ ಗಾಲಿ.
ಎಣ್ಣೆ ಸವರಿದ್ದು, ಚೂರೂ ತುಕ್ಕಿಲ್ಲ.
"ಯಾರು ಕಳಿಸ್ಯಾರ?"
"ಬೂಚು," ಎಂದೆ.
ನಕ್ಕನೋ ಕೆಮ್ಮಿದನೋ, ಕಿಸೆಯ ಉಕ್ಕಿನ ಪಟ್ಟಿ ತೆಗೆದು
ಒಂದು ಅಂಚಿನ ಇಂಚು, ಇನ್ನೊಂದು ಅಂಚಿನ ಮಿಲಿಮೀಟರು ತೋರಿಸಿದ.
"ಸೊನ್ನೀಯಿಂದ ಕೂಡೇ ಹೊಂಡತಾವು, ನೋಡ್ರಿ.
ಆಮ್ಯಾಲ ಯಾವ ಇಂಚೂ ಮಿಲಿಮೀಟರಿನ ಗೆರಿಗೆ ಕೂಡೂದಿಲ್ಲ.
ಐದು ಇಂಚಿಗೆ ಬಂದ್ರ ಮತ್ತ ಕೂಡತಾವು,
ಅಲ್ಲಿ ನೂರಾ ಇಪ್ಪತ್ತೇಳು. ಅದಕ್ಕ ಅಷ್ಟ ಹಲ್ಲು.
ಒಂದು ಕಮ್ಮಿ ಆದ್ರೂ ಸುಳ್ಳು ಬೀಳತೈತಿ."
ಗಾಲಿಯನ್ನು ನಿನ್ನೆಯ ಪೇಪರಿನಲ್ಲಿ ಸುತ್ತಿಕೊಟ್ಟ,
ಕೂಸಿಗೆ ಕುಂಚಿಗೆ ಕಟ್ಟಿದ ಹಾಗೆ.

ಟಂಪೋದಲ್ಲಿ ತೊಡೆಯ ಮೇಲಿಟ್ಟು ಎಣಿಸತೊಡಗಿದೆ.
ನೂರಾ ಹನ್ನೆರಡಕ್ಕೆ ಗುಂಡಿಗೆ ಹಾರಿ ಲೆಕ್ಕ ತಪ್ಪಿತು.
ಸೀರೆಗೆ ಹಲ್ಲುಗಳ ಕರಿ ಮುದ್ರೆ; ತೊಳೆದರೂ ಹೋಗಿಲ್ಲ.

ನೇಮಣ್ಣ ಪೇಪರು ಬಿಚ್ಚಿದ. ಹಲ್ಲಿನ ಮೇಲೆ ಬೆರಳು ಹಾಯಿಸಿ
ಎಣ್ಣೆಯ ವಾಸನೆ ನೋಡಿದ. ಮಾತಿಲ್ಲ.
ಹಿತ್ತಾಳೆಯ ಸರಳಿನ ಮೇಲೆ ಉಳಿ ಹೋಗಿ ಬಂತು, ಹೋಗಿ ಬಂತು,
ಅದೇ ಗೀರಿನಲ್ಲಿ, ಸಲಕ್ಕೊಂದು ಕೂದಲೆಳೆ ಆಳ.
ಎರಡು ಬೂಚು ಕಡೆದು ಒಂದರದೇ ರೊಕ್ಕ ಇಸಿದುಕೊಂಡ.
"ಗಾಲಿ ಅಂವಗ ಮುಟ್ಟಸ್ರಿ. ಸೋಮವಾರ ಮತ್ತ ಬೇಕಾಗತೈತಿ,
ಅಂತ ಹೇಳ್ರಿ."
"ಸೋಮವಾರ ತರೋರು ಯಾರು?"
"ಅದನ್ನೂ ಅವನನ್ನ ಕೇಳ್ರಿ."

ಮೂರನೆಯ ಸುತ್ತು ಹೋಯಿತು. ಒಂಬತ್ತಕ್ಕೆ
ವಾಷರು ಮುಟ್ಟಿ ನಿಂತಿತು.
ಡಾಲ್ಡಾ ಡಬ್ಬಿ ತೆಗೆಯಲು ಸಿದರಾಯನಿಗೆ ಧೈರ್ಯವಿಲ್ಲ,
ರಾತ್ರಿಯಿಡೀ ಅದು ಬರಿದೇ ಬಾಯಿ ತೆರೆದು ಕೂತಿತ್ತು.

ಇವತ್ತು ಶನಿವಾರ.
ಫ್ಯಾನಿನ ಗಾಳಿಗೆ ಹಾರದಂತೆ ಪತ್ರಿಕೆಗಳ ಮೇಲೆ ಗಾಲಿ ಇಟ್ಟಿದ್ದೇನೆ.
ಸುಣ್ಣದ ಗುರುತು ಹಾಕಿ ಮತ್ತೆ ಎಣಿಸಿದೆ.
ಸರಿಯಾಗಿದೆ.