ಮೇಣದ ಡಬ್ಬಿ

ಕೊಟ್ರವ್ವತ್ತಿಯ ಕನ್ನಡಿ ಪೆಟ್ಟಿಗಿಯೊಳಗ
ಹೆಬ್ಬೆಟ್ಟಿನಷ್ಟು ಒಂದು ಹಿತ್ತಾಳಿ ಡಬ್ಬಿ.
ಬೆರಳು ಮೊದಲ ಮೇಣಕ್ಕ, ಆಮ್ಯಾಲೆ ಹಣಿಗೆ,
ಅದರ ಮ್ಯಾಲೆ ಕುಂಕುಮ.
ಬ್ಯಾಡಗಿ ಬಿಸಲಿಗೂ ಜಾರತಿರಲಿಲ್ಲಂತ.

ಟಿಕಳಿ ಬಂತು,
ಅಂಟಿನ ಹಾಳಿ, ರೂಪಾಯಿಗೆ ಹನ್ನೆರಡು.
ಮೇಣಕ್ಕ ಕೆಲಸ ತಪ್ಪಿತು.

ನಮಗ ತಪ್ಪಲಿಲ್ಲ.
ಮುಂಜಾನೆ ಎಂಟಕ್ಕ ಗೋದಾಮಿನ್ಯಾಗ ಕುಂತ್ರ
ಸಂಜೀತನಕ ಮೆಣಸಿನಕಾಯಿ ತುಂಬು ಮುರಿಯೂದು.
ಖಾರ ಕಡಿಮಿ, ಬಣ್ಣ ಭಾಳ ಅಂತಾರ
ಕೊಳ್ಳಾಕ ಬಂದವರು.
ಅವರು ಒಂದು ಕಾಯಿ ಮುರದು ಮೂಸತಾರ.
ನಾವು ದಿನಕ್ಕೊಂದು ಚೀಲ.
ರಾತ್ರಿ ಕೂಸಿನ ಕೆನ್ನಿ ಮುಟ್ಟಾಕ
ಮೊಣಕೈ ಬಳಸತೀನಿ ನಾನು.

ಹೋದ ಮಾಗಿಯೊಳಗ ಬೆರಳ ಸಂದಿ ಬಿರುಕು ಬಿಟ್ಟಾಗ
ಅತ್ತಿ ಆ ಡಬ್ಬಿ ತಗದ್ಲು. ಸಾಲೂದಿಲ್ಲಂತ
ಓಣಿ ತುಂಬ ತಿರುಗಿ ಬಂದ್ಲು:
ಟಿಕಳಿ ಹಚ್ಚವರ ಮನಿ ಡಬ್ಬಿ,
ಏನೂ ಹಚ್ಚದವರ ಮನಿ ಡಬ್ಬಿ.
ಫಕ್ಕೀರವ್ವ ಭಾಳ ಹೊತ್ತು ಹುಡುಕಿ ತಂದ್ಲು.
ಹದಿನಾರು ವರ್ಷ ಆತು, ತಗದಿಲ್ಲ ಅಂದ್ಲು.
ಮುಚ್ಚಳ ತಾನ ತೆರೀಲಿಲ್ಲ.
ನಮ್ಮನ್ಯಾಗ ಅದಿಲ್ಲವ್ವ, ಎಣ್ಣಿ ನಂದು
ಅಂತ ಹುಸೇನಬೀ
ಕುಸಬಿ ಎಣ್ಣಿ ಹಿಡಕೊಂಡು ಬಂದ್ಲು.

ಕುದಿಯೂ ನೀರಾಗ ಬಟ್ಟಲ ಇಡು,
ನೇರ ಬೆಂಕಿಗೆ ಹಿಡದರ ಮೇಣಕ್ಕ ಸಿಟ್ಟು ಬರತೈತಿ.
ಒಂದು ಪಾಲಿಗೆ ನಾಕು ಪಾಲು ಎಣ್ಣಿ,
ಬ್ಯಾಸಗಿಗಾದರ ಮೂರು ಸಾಕು.
ತಣ್ಣನ ತಾಟಿಗೆ ಒಂದು ಹನಿ ಬಿಟ್ಟು
ಉಗುರಲೆ ಕೆರದು ನೋಡು.
ಅತ್ತಿ ಹೇಳಿಕೋತ ಹೋದ್ಲು, ನಾನು ತಿರುವಿಕೋತ.
ಸೋಸಿದ ಅರಬಿಯೊಳಗ ಒಂದು ರೆಕ್ಕಿ ಉಳೀತು,
ಯಾವ ಗಿಡದ ಜೇನೋ.

ಖಾಲಿ ಸುಣ್ಣದ ಡಬ್ಬಿಗೋಳಿಗೆ ಸುರುವಿದ್ವಿ.
ಆರಿದ ಮ್ಯಾಲೆ ನೋಡಿದರ
ಹಳದಿ ಇರಬೇಕಾದ ಮುಲಾಮು ನಸುಗೆಂಪು.
ಖಾರಪುಡಿ ಬಿತ್ತೇನ, ಹುಸೇನಬೀ ಮೂಸಿದ್ಲು.
ಅಲ್ಲ.
ಡಬ್ಬಿಗೋಳ ತಳದಾಗ ಕುಂತಿದ್ದ ಕುಂಕುಮ.
ಯಾರದೆಷ್ಟು ಅಂತ
ಈಗ ಯಾರು ಆರಿಸಿ ಬ್ಯಾರೆ ಮಾಡತಾರ!
ಮೆಣಸಿನಕಾಯಿ ಏನು ಇದು?

ನಕ್ಕೋತ ಎಲ್ಲಾರೂ ಬೆರಳು ಅದ್ದಿದ್ರು.
ಫಕ್ಕೀರವ್ವ ಕಡೀಕ ಅದ್ದಿದ್ಲು.
ಉಗುರಿನ ಸುತ್ತ, ಸಂದಿ ಸಂದಿಗೆ,
ಸಾವಕಾಶ ತಿಕ್ಕಿಕೊಂಡ್ಲು.
ದೀಪದ ಬೆಳಕಿಗೆ ಬೆರಳು ಹಿಡದು ನೋಡಿದ್ಲು.
ಆಮ್ಯಾಲೆ ಹಣಿಮ್ಯಾಲೆ ಜೋತ ಕೂದಲ
ಮೊಣಕೈಲೆ ಸರಿಸಿದ್ಲು.