ಷರಾ

ನಗರಸಭೆಯ ಮೀಟರ್ ಪುಸ್ತಕದಲ್ಲಿ ಐದು ಕಾಲಂ:
ಮನೆ ನಂಬರು, ಹಿಂದಿನ ಅಂಕೆ, ಇಂದಿನ ಅಂಕೆ, ಬಳಕೆ,
ಕೊನೆಗೆ ಎರಡು ಬೆರಳಗಲದ ಷರಾ.
ಗೇಟಿಗೆ ಬೀಗ, ಗಾಜು ಮಸುಕು, ನಾಯಿ,
ಇಷ್ಟು ಬರೆದರೆ ಸಾಕು ಅಂದಿದ್ದರು ಹೆಡ್ ಗುಮಾಸ್ತರು.
ನನ್ನ ಕೈ ಅಷ್ಟಕ್ಕೆ ನಿಲ್ಲಲಿಲ್ಲ.

ಕೋಡಿಬಾಗ, ನಲವತ್ತೊಂದು: ಮೀಟರ್ ಪೆಟ್ಟಿಗೆಯಲ್ಲಿ ಏಡಿ ಸಂಸಾರ.
ಮುಚ್ಚಳ ಎತ್ತಿದರೆ ಗಂಡೇಡಿ ಕೊಂಬೆತ್ತಿ
ಅಂಕೆಯ ಮೇಲೇ ಕೂರುತ್ತದೆ; ಬಿಲ್ಲು ಅಂದಾಜಿನಲ್ಲಿ.
ಐವತ್ತೆರಡು: ತುಳಸಿಕಟ್ಟೆಗೆ ನಾಲ್ಕು ಬಚ್ಚಲುಗಳ ಉಳಿಕೆ ಟೈಲು,
ಒಂದರಲ್ಲಿ ಡಾಲ್ಫಿನ್, ಒಂದರಲ್ಲಿ ಸೀಳಿದ ಕಿತ್ತಳೆ.
ಅದರಾಚೆ ರುಜಾರಬಾಯಿ, ಮುರಿದ ದೋಣಿಯ ಚುಕ್ಕಾಣಿಗೆ
ಕೀಲು ಜಡಿಸಿ ಗೇಟು ಮಾಡಿಕೊಂಡವರು.
ಅವರ ಮನೆ ಹೊಗಬೇಕಾದರೆ ಯಾರೇ ಆಗಲಿ
ಒಂಚೂರು ಎಡಕ್ಕೆ ತಿರುಗಿಸಬೇಕು.
ಓಣಿಯ ತುದಿಯಲ್ಲಿ 'ನಾಯಿ ಇದೆ' ಬೋರ್ಡು.
'ಇದೆ' ಹೊಡೆದು ಯಾರೋ ಸೀಮೆಸುಣ್ಣದಲ್ಲಿ
'ಇತ್ತು' ಅಂತ ತಿದ್ದಿದ್ದಾರೆ.
ಅಲ್ಲಿ ಗೇಟು ತಟ್ಟಲು ತುಸು ಹೊತ್ತು ಹಿಡಿಯಿತು.

ಪಂಪ್‌ಹೌಸಿನ ಗೋಡೆಗೆ ನಂಬರಿಲ್ಲ, ಪುಟವಿಲ್ಲ.
ಆದರೂ ತಿಂಗಳು ತಿಂಗಳು
ಹಾಳೆಯ ಬೆನ್ನಿಗೆ ಅದರದ್ದೂ ಲೆಕ್ಕ ಬರೆದೆ.
ಉಲ್ಹಾಸ ಬಾನಾವಳಿಯ ಚಿತ್ರ, ಸಹಿ ಇನ್ನೂ ಮೂಲೆಯಲ್ಲಿದೆ.
ದೋಣಿಗೆ ಬಳಿದು ಉಳಿದ ಎಣ್ಣೆಬಣ್ಣ,
ನೀಲಿ ಹೆಚ್ಚು, ಉಳಿದದ್ದು ಕಡಿಮೆ, ಹಾಗಾಗಿ
ನೀಲಿ ಸೀರೆಯ ಹೆಂಗಸು, ಸೊಂಟದಲ್ಲಿ ನೀಲಿ ಕೊಡ,
ನಲ್ಲಿಯ ಮೇಲೆ ನೀಲಿ ಕಾಗೆ.
ನಲ್ಲಿಯಿಂದ ಹೊರಟ ಮೂರು ಗೆರೆ ನೀರು
ಕೊಡದ ಬಾಯಿಗೆ ಗೇಣು ದೂರದಲ್ಲೇ ನಿಂತಿದೆ.
ಬಣ್ಣ ಮುಗಿಯಿತೋ, ಊಟದ ಹೊತ್ತಾಯಿತೋ.
ಮೇಲೆ ಗೋಡೆಯುದ್ದಕ್ಕೂ: ನೀರು ಪೋಲು ಮಾಡಬೇಡಿ.

ಉಪ್ಪುಗಾಳಿ ಒಂದೊಂದೇ ಅಕ್ಷರ ಚಪ್ಪರಿಸಿತು.
ಜೂನಿನಲ್ಲಿ 'ಪೋ' ಹೋಯಿತು, ಚೌತಿಯ ಹೊತ್ತಿಗೆ 'ಲು'.
ಮರುವರ್ಷ 'ಮಾಡ' ಹೆಕ್ಕಳೆ ಎದ್ದು ಉದುರಿ
ಈಗ ಉಳಿದದ್ದು

ನೀರು                    ಬೇಡಿ

ಅದರ ಕೆಳಗೇ ಬೆಳಿಗ್ಗೆ ಆರಕ್ಕೆ
ಕೇರಿಯ ಕೊಡಗಳು ಸಾಲು ನಿಲ್ಲುತ್ತವೆ,
ಹೇಳಿದ್ದನ್ನು ಕೇಳುವ ಮಕ್ಕಳ ಹಾಗೆ.

ಶೇವಂತಿ ಹರಿಕಂತ್ರ ಬುಟ್ಟಿ ಇಳಿಸುವುದೂ ಅಲ್ಲೇ.
ತಾರ್ಲೆ ಬಂದ ದಿನ ತಾರ್ಲೆ, ಬಾರದ ದಿನ ತಿಸ್ರೆಯ ಗುಪ್ಪೆ.
ಚಿತ್ರಕ್ಕೆ ನಿಂತವಳು ತಾನೇ ಎಂದು ಅವಳು ಬಾಯಿಬಿಟ್ಟದ್ದು
ನಾನು ಕೆಲಸಕ್ಕೆ ಸೇರಿ ಆರು ವರ್ಷವಾದ ಮೇಲೆ,
ಅದೂ ಚಿಲ್ಲರೆ ಎಣಿಸುತ್ತ.
"ಎರಡು ಮಧ್ಯಾಹ್ನ ನಿಲ್ಲಿಸಿದ. ಕೊಡ್ತೆ ಅಂದ ಹತ್ತು ರೂಪಾಯಿ
ಇನ್ನೂ ಬಾಕಿ ಉಂಟು.
ಮೂಗುತಿ ನಂದಲ್ಲ, ಅವನೇ ಇಟ್ಟದ್ದು."
ಆಮೇಲೆ ಇಬ್ಬರೂ ಸೇರಿ ನೋಡುತ್ತಿದ್ದೆವು:
ಈ ಮಳೆಗೆ ಕಣ್ಣು, ಆ ಮಳೆಗೆ ಗಲ್ಲ.
ಅವನು ಇಟ್ಟ ಮೂಗುತಿ ಮಾತ್ರ ಜಗ್ಗಲಿಲ್ಲ,
ಮೂಗೇ ಇಲ್ಲದ ಗೋಡೆಯಲ್ಲಿ ಒಂದು ಹಳದಿ ಚುಕ್ಕೆ.

ಮಾರ್ಚಿನಲ್ಲಿ ಆದೇಶ ಬಂತು, ಎಲ್ಲ ಗೋಡೆಗೂ ಬಿಳಿ.
ನಾನು ಓಡಿದೆ, ಸುಣ್ಣದ ಹುಡುಗನ ಏಣಿ ಹಿಡಿದೆ,
ಅರ್ಜಿ ಬರೀತೇನೆ, ಸಾಹೇಬರನ್ನು ಕಾಣುತ್ತೇನೆ,
ಇದು ಊರಿನ ನೆನಪು, ಅದು ಇದು, ಏನೇನೋ ಅಂದೆ.
ಶೇವಂತಿ ಕೈಗಂಟಿದ ಪೊರೆ ಒರೆಸಿಕೊಂಡು ಎದ್ದಳು.
"ಬಿಡಿ ಮೀಟರ್ ಅಕ್ಕೋರೇ.
ಮೂವತ್ತು ವರ್ಷ ಆಯ್ತು, ಆ ಕೊಡ ಸೊಂಟದ ಮೇಲೇ ಉಂಟು.
ಒಂದು ತೊಟ್ಟು ಬೀಳಲಿಲ್ಲ.
ಇಳಿಸಲಿ."
ಮತ್ತೆ ಹುಡುಗನಿಗೆ: "ಕೊಡದಿಂದ ಶುರು ಮಾಡೋ."

ಅವನು ಕೊಡದಿಂದಲೇ ಶುರುಮಾಡಿದ.

ಪುಸ್ತಕ ತಿರುವಿದೆ. ಅವಳ ಮನೆಗೆ ಪುಟವಿಲ್ಲ.
ಮೀಟರಿಲ್ಲ, ನಲ್ಲಿಯೇ ಇಲ್ಲ.
ಹನ್ನೆರಡು ವರ್ಷ ಅವಳ ಬಾಗಿಲು ದಾಟಿ ಬಂದು
ಗೋಡೆಯ ಬಿರುಕು ಬರೆದುಕೊಂಡಿದ್ದೆ.
ಹಾಳೆಯ ಬೆನ್ನಿಗೆ: ಪಂಪ್‌ಹೌಸ್ ಗೋಡೆ. ಬಳಕೆ ಸೊನ್ನೆ.
ಷರಾ: ಕೊಡ ಇಳಿಸಲಾಗಿದೆ.

ಹೊರಡುವಾಗ ಆರು ತಾರ್ಲೆ ಸುತ್ತಿ ಕೈಗಿಟ್ಟಳು.
ಮನೆಯಲ್ಲಿ ಬಿಚ್ಚಿದರೆ, ಸುತ್ತಿದ್ದು ಹಳೆಯ ನೀರಿನ ಬಿಲ್ಲು,
ಒದ್ದೆಯಲ್ಲಿ ಹರಡಿದ ನನ್ನದೇ ಅಕ್ಷರ:
ನಲವತ್ತೊಂದು. ಅಂದಾಜು.