ತಣ್ಣೀರುಹಳ್ಳದಲ್ಲಿ ಪಂಕ್ಚರ್

ತಿರುವಿನಲ್ಲೇ ಕೂತಿತು ಹಳೇ ಸ್ಕೂಟರಿನ ಹಿಂಚಕ್ರ.
ಡಿಕ್ಕಿಯಲ್ಲಿ ಅರವತ್ತು ಸಾವಿರ,
ಷಡ್ಡಕ ಹೇಳಿದ ಸ್ಕೀಮಿಗೆ:
ಹದಿನೆಂಟೇ ತಿಂಗಳು, ಡಬಲ್.

ಜವರೇಶ ಟ್ಯೂಬು ಕಿತ್ತು ಬೋಗುಣಿಯ ನೀರಿಗೆ ಅದ್ದಿದ.
ಗುಳ್ಳೆಯಿಲ್ಲ.
ಇನ್ನಷ್ಟು ಗಾಳಿ ಹೊಡೆದ. ಉಬ್ಬಿತು ಟ್ಯೂಬು,
ಡಬಲ್ಲೇ ಅನ್ನಿ.
‘ಇನ್ನೂ ಹಿಡಿಸುತ್ತೇನಪ್ಪಾ?’
‘ಒಡೆಯೋ ಗಂಟ ಹಿಡಿಸ್ತಾನೇ ಇರ್ತದೆ ಸಾ’
ಅಂದ, ತಲೆಯೆತ್ತದೆ.

ತೇಪೆಗೆ ನಲವತ್ತು ಕೊಟ್ಟೆ.
ಯಾಕೋ, ಗಾಡಿ ತಿರುಗಿಸಿದೆ
ಹಾಸನದ ಹೆಡ್ ಪೋಸ್ಟಾಫೀಸಿಗೆ.
ಕೌಂಟರಿನಾಕೆ ಎರಡು ಸಲ ಎಣಿಸಿದಳು.

ಮೊನ್ನೆ ಷಡ್ಡಕ ಹೊಸ ಬೈಕಿನಲ್ಲಿ ಬಂದಿದ್ದ.
ಒಂದು ರೌಂಡು ಹೊಡೆಸಿದ ನನ್ನನ್ನೂ.
ನನ್ನವಳು ಕಾಫಿ ಕೊಟ್ಟಳು, ಒಮ್ಮೆ ನನ್ನ ಮುಖ ನೋಡಿದಳು,
ಏನೂ ಅನ್ನಲಿಲ್ಲ.

ಪಾಸ್‌ಬುಕ್ಕಿನಲ್ಲಿ ಬಡ್ಡಿ ಜಿನುಗುತ್ತಿದೆ,
ಸ್ಲೋ ಪಂಕ್ಚರಿನ ಹಾಗೆ,
ಒಳಮುಖವಾಗಿ.